ದೋಣಿಯೋ, ಹಡಗೋ, ಹಿಂದೂಕುಶ್ ಬೆಟ್ಟವೋ: ನಗಿಸುವ ಪ್ರವಾಸಕಥನಗಳಲ್ಲಿ ಮೊದಲು ಯಾವುದು?

ನಗಿಸುವ ಪ್ರವಾಸಕಥನ ಯಾವುದಾದರೂ ಹೇಳಿ ಎಂದರೆ ಇಂಗ್ಲಿಷ್ ಓದುವವರ ಬಾಯಿಗೆ ಮೊದಲು ಬರುವ ಹೆಸರು ಜೆರೋಮ್ ಕೆ. ಜೆರೋಮನ ‘ಥ್ರೀ ಮೆನ್ ಇನ್ ಎ ಬೋಟ್’. 1889ರಲ್ಲಿ ಬಂದ ಪುಸ್ತಕ. ಲಂಡನ್ನಿನ ಮೂವರು ಗೆಳೆಯರು, ಜೊತೆಗೊಂದು ನಾಯಿ, ಥೇಮ್ಸ್ ನದಿಯಲ್ಲಿ ದೋಣಿಯಾನ. ಮುಗಿಯಿತು ಕಥೆ. ಆದರೂ ಅಂದಿನಿಂದ ಇಂದಿನವರೆಗೆ ಅದು ಪುಸ್ತಕದಂಗಡಿಯಿಂದ ಮಾಯವಾಗಿಲ್ಲ. ಹಾಗೆಂದು ಎಲ್ಲರಿಗೂ ಹಿಡಿಸುತ್ತದೆ ಎಂದೇನೂ ಇಲ್ಲ. ಅರ್ಧಕ್ಕೇ ಕೆಳಗಿಟ್ಟವರನ್ನು ನಾನು ಕಂಡಿದ್ದೇನೆ. “ಇವರು ದೋಣಿ ಹತ್ತುವುದು ಯಾವಾಗ?” ಎಂಬುದು ಅವರ ದೂರು. ದೂರಿನಲ್ಲಿ ಹುರುಳಿದೆ. ಐದನೇ ಅಧ್ಯಾಯ ಮುಗಿಯುತ್ತ ಬರುವವರೆಗೂ ಈ ಮಹಾಶಯರು ನೀರಿಗಿಳಿಯುವುದೇ ಇಲ್ಲ.

ಅದಕ್ಕೇ ಅದರ ಸರಿಸಮಕ್ಕೆ ನಿಲ್ಲಬಲ್ಲ ಇನ್ನು ಕೆಲವನ್ನು ಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯದು. ಮಾರ್ಕ್ ಟ್ವೇನನ ‘ದಿ ಇನೊಸೆಂಟ್ಸ್ ಅಬ್ರಾಡ್’ (1869), ರಾಬರ್ಟ್ ಲೂಯಿ ಸ್ಟೀವನ್‌ಸನ್ನನ ‘ಟ್ರಾವೆಲ್ಸ್ ವಿತ್ ಎ ಡಾಂಕಿ ಇನ್ ದಿ ಸೆವೆನ್ಸ್’ (1879), ಎರಿಕ್ ನ್ಯೂಬಿಯ ‘ಎ ಶಾರ್ಟ್ ವಾಕ್ ಇನ್ ದಿ ಹಿಂದೂ ಕುಶ್’ (1958), ಮತ್ತೆ ಜೆರೋಮನದೇ ಎರಡನೇ ಭಾಗ ‘ಥ್ರೀ ಮೆನ್ ಆನ್ ದಿ ಬಮ್ಮೆಲ್’ (1900). ಇವುಗಳಲ್ಲಿ ಯಾವ ದೇಶ, ಎಷ್ಟು ಪುಟ, ಎಂಥ ಇಂಗ್ಲಿಷ್ ಎಂಬುದೆಲ್ಲ ಆಮೇಲಿನ ಮಾತು. ಮೊದಲು ನಿಮ್ಮನ್ನೇ ಕೇಳಿಕೊಳ್ಳಬೇಕಾದ್ದು ಒಂದಿದೆ: ಯಾರ ಫಜೀತಿ ನೋಡಿದರೆ ನಿಮಗೆ ನಗು ಬರುತ್ತದೆ? ನಿಮ್ಮ ಮನೆಯಲ್ಲೇ ಇರಬಹುದಾದ ಸೋಮಾರಿಗಳದೋ, ಊರೂರಿನ ಗೈಡುಗಳದೋ, ಕತ್ತೆಯ ಮುಂದೆ ಸೋತ ಒಬ್ಬಂಟಿಯದೋ, ಏನೂ ಗೊತ್ತಿಲ್ಲದೆ ಹಿಮಪರ್ವತ ಹತ್ತಲು ಹೊರಟವನದೋ? ಉತ್ತರ ಸಿಕ್ಕರೆ ಪುಸ್ತಕ ಸಿಕ್ಕಂತೆಯೇ.

ಜೆರೋಮ್: ಗಂಟುಮೂಟೆ ಕಟ್ಟುವುದರಲ್ಲೇ ಅರ್ಧ ಪ್ರಯಾಣ

ಜೆರೋಮ್ ನಗಿಸುವ ಪುಸ್ತಕ ಬರೆಯಲು ಕುಳಿತವನೇ ಅಲ್ಲ. ಥೇಮ್ಸ್ ನದಿಯ ಚೆಲುವು, ಅದರ ದಡದ ಇತಿಹಾಸ ಇವನ್ನು ಗಂಭೀರವಾಗಿ ಬರೆಯಬೇಕು, ನಡುನಡುವೆ ಒಂದಿಷ್ಟು ತಮಾಷೆ ಇರಲಿ ಎಂಬುದು ಅವನ ಯೋಜನೆ ಎಂದು ಅವನೇ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. 1888ರಲ್ಲಿ ಮದುವೆಯಾಗಿ, ಮಧುಚಂದ್ರಕ್ಕೆ ಅದೇ ಥೇಮ್ಸಿನಲ್ಲಿ ದೋಣಿಯಲ್ಲಿ ಹೋಗಿ ಬಂದ ಹುರುಪು ಬೇರೆ ಇತ್ತು. ಬರೆಯತೊಡಗಿದರೆ ತಮಾಷೆಯೇ ಬಂತು, ಇತಿಹಾಸ ಬರಲಿಲ್ಲ. ಕಷ್ಟಪಟ್ಟು ತುರುಕಿದ ಇತಿಹಾಸವನ್ನೂ ‘ಹೋಮ್ ಚೈಮ್ಸ್’ ಮಾಸಿಕದ ಸಂಪಾದಕ ಎಫ್. ಡಬ್ಲ್ಯು. ರಾಬಿನ್ಸನ್ ಬಹುಪಾಲು ಹೊಡೆದುಹಾಕಿದ. ಆ ಸಂಪಾದಕನಿಗೆ ನಾವು ಋಣಿಗಳು. ಅಳಿದುಳಿದ ಇತಿಹಾಸದ ಪುಟಗಳು ಇವತ್ತಿಗೂ ಪುಸ್ತಕದಲ್ಲಿವೆ, 1215ರ ಮ್ಯಾಗ್ನಾ ಕಾರ್ಟಾ ಒಪ್ಪಂದದ ರನ್ನಿಮೀಡ್ ವರ್ಣನೆಯಂತೆ. ಮೊದಲ ಓದಿನಲ್ಲಿ ಅವನ್ನು ದಾಟಿಕೊಂಡು ಹೋದರೆ ನಷ್ಟವಿಲ್ಲ.

ಪ್ರಯಾಣ ಕಿಂಗ್‌ಸ್ಟನ್‌ನಿಂದ ಆಕ್ಸ್‌ಫರ್ಡಿಗೆ, ನದಿಯ ದಾರಿಯಲ್ಲಿ ಸುಮಾರು 90 ಮೈಲಿ. ಆಫ್ರಿಕದ ಕಾಡು ಹೊಕ್ಕು ಬಂದವರು ದಪ್ಪದಪ್ಪ ಗ್ರಂಥ ಬರೆದು ಹೆಸರು ಮಾಡುತ್ತಿದ್ದ ಕಾಲ ಅದು. ಇಲ್ಲಿಯೋ, ದಿನಾ ಆಫೀಸಿಗೆ ಹೋಗುವ ಜಾತಿಯ ಮೂವರು, ರೈಲಿನಲ್ಲಿ ಹೋದರೆ ಅರ್ಧ ದಿನವೂ ಬೇಡದ ಜಾಗಕ್ಕೆ ಎರಡು ವಾರ ಹುಟ್ಟು ಹಾಕಿಕೊಂಡು ಹೊರಡುತ್ತಾರೆ. ಆಗಿನ ದೊಡ್ಡ ವಿಮರ್ಶಕರಿಗೆ ಇದು ಸರಿಬರಲಿಲ್ಲ. ಗುಮಾಸ್ತರ ಆಡುಮಾತು ಪುಸ್ತಕಕ್ಕೆ ಬಂದದ್ದೇ ಅಪರಾಧವಾಯಿತು. ‘ಪಂಚ್’ ಎಂಬ ಹಾಸ್ಯಪತ್ರಿಕೆ ಲೇಖಕನ ಹೆಸರನ್ನೇ, ‘ಹ್ಯಾರಿ’ಯಲ್ಲಿನ ಹಕಾರ ನುಂಗುವ ಲಂಡನ್ನಿನ ಸಾಮಾನ್ಯರ ಉಚ್ಚಾರದಲ್ಲಿ, ‘ಆರಿ ಕೆ. ಆರಿ’ ಎಂದು ತಿರುಚಿ ಗೇಲಿ ಮಾಡಿತು. ಆ ಗುಮಾಸ್ತರೇ ಪುಸ್ತಕ ಕೊಂಡರು.

ಮೂವರಲ್ಲಿ ಜೆ. ಎಂದರೆ ಲೇಖಕ. ಜಾರ್ಜ್ ಎಂಬವನಿಗೆ ಮೂಲ ಬ್ಯಾಂಕಿನಲ್ಲಿದ್ದ ಜಾರ್ಜ್ ವಿಂಗ್ರೇವ್, ಹ್ಯಾರಿಸನಿಗೆ ಮೂಲ ಮುದ್ರಣೋದ್ಯಮಿ ಕಾರ್ಲ್ ಹೆಂಟ್‌ಶೆಲ್. ಇಬ್ಬರೂ ಜೆರೋಮನ ನಿಜ ಗೆಳೆಯರು. ಮಾಂಟ್‌ಮೊರೆನ್ಸಿ ಎಂಬ ನಾಯಿ ಮಾತ್ರ ಕಲ್ಪನೆಯದು. ಪುಸ್ತಕದಲ್ಲಿ ಎಲ್ಲರಿಗಿಂತ ಜೀವಂತವಾಗಿರುವುದೂ ಅದೇ.

ನಗು ಎಲ್ಲಿಂದ ಬರುತ್ತದೆ ನೋಡಿ. ಮೊದಲ ಅಧ್ಯಾಯದಲ್ಲಿ ಜೆ. ಬ್ರಿಟಿಷ್ ಮ್ಯೂಸಿಯಂಗೆ ಹೋಗಿ ವೈದ್ಯಗ್ರಂಥ ತೆರೆಯುತ್ತಾನೆ. ನೋಡಬೇಕಾದ್ದು ಸಣ್ಣದೊಂದು ಕಾಯಿಲೆ. ಆದರೆ ಅಕಾರಾದಿಯಾಗಿ ಓದುತ್ತ ಹೋದಂತೆ ಪ್ರತಿಯೊಂದರ ಲಕ್ಷಣವೂ ತನ್ನಲ್ಲಿದೆ ಎಂಬುದು ಖಾತ್ರಿಯಾಗುತ್ತದೆ. ಕಾಲರಾ ಇದೆ, ಟೈಫಾಯಿಡ್ ಇದೆ, ಡಿಫ್ತೀರಿಯಾ ಅಂತೂ ಹುಟ್ಟಿನಿಂದಲೇ ಇದೆ. ಇಲ್ಲದ್ದು ಒಂದೇ, ನೆಲ ಒರೆಸುವ ಕೆಲಸದವರಿಗೆ ಬರುವ ಮಂಡಿಯೂತ. ಅದೊಂದು ತನಗೇಕಿಲ್ಲ ಎಂದು ಅವನಿಗೆ ಒಳಗೊಳಗೇ ಅವಮಾನ. ಕೊನೆಗೆ ಡಾಕ್ಟರು ಕೊಟ್ಟ ಚೀಟಿಯಲ್ಲಿ ದನದ ಮಾಂಸ, ಬಿಯರ್, ದಿನಾ ಬೆಳಿಗ್ಗೆ ಹತ್ತು ಮೈಲಿ ನಡಿಗೆ, ರಾತ್ರಿ ಹನ್ನೊಂದಕ್ಕೆ ಸರಿಯಾಗಿ ಹಾಸಿಗೆ, ಜೊತೆಗೆ ಅರ್ಥವಾಗದ ವಿಷಯ ತಲೆಗೆ ತುಂಬಿಕೊಳ್ಳಬೇಡ ಎಂಬ ತಾಕೀತು. ತಲೆನೋವು ಬಂದರೆ ಮೊಬೈಲಿನಲ್ಲಿ ಹುಡುಕಿ ಮೆದುಳಿನ ಗಡ್ಡೆಯವರೆಗೆ ಹೋಗುವವರಿಗೆ ಈ ಪುಟ ಯಾರೋ ನಿನ್ನೆ ಬರೆದಂತಿರುತ್ತದೆ.

ಪಾಡ್ಜರ್ ಮಾವನ ಪ್ರಸಂಗವೂ ಹಾಗೆಯೇ. ಗೋಡೆಗೆ ಒಂದು ಪಟ ನೇತುಹಾಕಬೇಕು. “ನೀವ್ಯಾರೂ ತಲೆ ಕೆಡಿಸಿಕೊಳ್ಳಬೇಡಿ, ನಾನು ಮಾಡ್ತೀನಿ” ಎಂದು ಕೋಟು ಬಿಚ್ಚುತ್ತಾನೆ. ಒಬ್ಬನನ್ನು ಮೊಳೆಗೆ ಓಡಿಸುತ್ತಾನೆ, ಇನ್ನೊಬ್ಬನನ್ನು ಸುತ್ತಿಗೆಗೆ, ಮತ್ತೊಬ್ಬನನ್ನು ಏಣಿಗೆ. ಪಟದ ಗಾಜು ಒಡೆದು ಕೈ ಕೊಯ್ದುಕೊಳ್ಳುತ್ತಾನೆ. ಕರವಸ್ತ್ರ ಕೋಟಿನಲ್ಲಿದೆ, ಕೋಟು ಎಲ್ಲಿದೆ ಗೊತ್ತಿಲ್ಲ. ಮನೆಮಂದಿಯೆಲ್ಲ ಹುಡುಕಿ ಸುಸ್ತಾದ ಮೇಲೆ ನೋಡಿದರೆ ಅವನು ಕುಳಿತಿರುವುದೇ ಅದರ ಮೇಲೆ. ನಡುರಾತ್ರಿಗೆ ಪಟ ಸೊಟ್ಟಗೆ ನೇತಾಡುತ್ತದೆ, ಸುತ್ತಲ ಗೋಡೆ ಹಾಳಾಗಿರುತ್ತದೆ, ಮಾವ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಸತ್ತು ಸುಣ್ಣವಾಗಿರುತ್ತಾರೆ. ಇದಕ್ಕೂ ಥೇಮ್ಸ್ ನದಿಗೂ ಏನು ಸಂಬಂಧ? ಏನೂ ಇಲ್ಲ. ಹ್ಯಾರಿಸನ ಬುದ್ಧಿಯೂ ಇಂಥದ್ದೇ ಎಂದು ಹೇಳಲು ಬಂದ ಮಾತು, ನಾಲ್ಕು ಪುಟ ತಿಂದು ಹೋಯಿತು.

ನನ್ನ ಮಟ್ಟಿಗೆ ಈ ಪುಸ್ತಕದ ಗುಟ್ಟು ಇಲ್ಲಿದೆ. ಊರುಗಳ ವರ್ಣನೆ ಹಳತಾಗುತ್ತದೆ, ಛತ್ರದ ಬಾಡಿಗೆ ಹಳತಾಗುತ್ತದೆ, ದೋಣಿ ಹಳತಾಗುತ್ತದೆ. ಪೆಟ್ಟಿಗೆಗೆ ಬೀಗ ಹಾಕಿದ ಮೇಲೆ ಬೂಟು ಹೊರಗೇ ಉಳಿದದ್ದು ಕಾಣಿಸುವುದು, ಬೆಣ್ಣೆಯನ್ನು ಕುರ್ಚಿಯ ಮೇಲಿಟ್ಟು, ಅದರ ಮೇಲೇ ಕುಳಿತು, ಆಮೇಲೆ ಬೆಣ್ಣೆ ಎಲ್ಲಿ ಎಂದು ಮನೆಯೆಲ್ಲ ಹುಡುಕುವುದು ಮಾತ್ರ ಹಳತಾಗುವಂಥದ್ದಲ್ಲ. ಜೆರೋಮ್ ತನ್ನ ತಮಾಷೆಯನ್ನು ದಾರಿಯ ಮೇಲೆ ಕಟ್ಟಲಿಲ್ಲ, ದಾರಿ ಹಿಡಿದವರ ಮೇಲೆ ಕಟ್ಟಿದ. ಗಂಟು ಕಟ್ಟುವ ಈ ಭಾಗ ಸಿಬಿಎಸ್‌ಇ ಒಂಬತ್ತನೇ ತರಗತಿಯ ‘ಬೀಹೈವ್’ ಪಠ್ಯದಲ್ಲಿ ‘ಪ್ಯಾಕಿಂಗ್’ ಎಂಬ ಪಾಠವಾಗಿ ಬಂದಿತ್ತು. ಅದನ್ನು ಪ್ರಶ್ನೋತ್ತರಕ್ಕಾಗಿ ಓದಿ ಮರೆತವರು ಒಮ್ಮೆ ಪರೀಕ್ಷೆಯ ಭಯವಿಲ್ಲದೆ ಓದಿ ನೋಡಬೇಕು.

ನೀರಿಗಿಳಿದ ಮೇಲೂ ಕಮ್ಮಿಯಿಲ್ಲ. ಅನಾನಸ್ ಡಬ್ಬಿ ಇದೆ, ತೆರೆಯುವ ಸಾಧನವಿಲ್ಲ. ಚಾಕು, ಕತ್ತರಿ, ಕೊಕ್ಕೆ, ಕಲ್ಲು, ಕೊನೆಗೆ ಹಾಯಿಕಂಬ ಎಲ್ಲವೂ ಆಗಿ ಡಬ್ಬಿ ಯಾವ ಜ್ಯಾಮಿತಿಗೂ ಸಿಗದ ಆಕಾರ ಪಡೆದು, ಇವರನ್ನೇ ಅಣಕಿಸಿ ನಕ್ಕಂತೆ ಕಂಡು, ನದಿಯ ಪಾಲಾಗುತ್ತದೆ. ಹ್ಯಾಂಪ್ಟನ್ ಕೋರ್ಟ್ ಅರಮನೆಯ ತೋಟದ ಚಕ್ರವ್ಯೂಹದೊಳಗೆ “ಬನ್ನಿ ನನ್ನ ಹಿಂದೆ” ಎಂದು ಹ್ಯಾರಿಸ್ ಇಪ್ಪತ್ತು ಜನರನ್ನು ಕಟ್ಟಿಕೊಂಡು ಸುತ್ತುವುದು, ಬಿಡಿಸಲು ಬಂದ ಕಾವಲುಗಾರನೇ ಕಳೆದುಹೋಗುವುದು, ಹೋಟೆಲಿನ ಗೋಡೆಯ ಮೇಲಿನ ಮೀನನ್ನು ಹಿಡಿದವನು ನಾನೇ ಎಂದು ಬಂದವರೆಲ್ಲ ಒಬ್ಬೊಬ್ಬರಾಗಿ ಕೊಚ್ಚಿಕೊಂಡ ಮೇಲೆ ಅದು ಬಿದ್ದು ಒಡೆದು ಪ್ಲಾಸ್ಟರಿನದೆಂದು ಗೊತ್ತಾಗುವುದು, ಇವೆಲ್ಲ ಬಿಡಿಬಿಡಿಯಾಗಿ ಓದಿದರೂ ರುಚಿ ಕೆಡದಂಥವು. ದಿನಕ್ಕೊಂದು ಅಧ್ಯಾಯದಂತೆ ಓದುವವರಿಗೆ ಹೇಳಿ ಮಾಡಿಸಿದ ಪುಸ್ತಕ. ಒಟ್ಟು 19 ಅಧ್ಯಾಯ.

ಒಂದೆಡೆ ಮಾತ್ರ ತಯಾರಾಗಿರಿ. 16ನೇ ಅಧ್ಯಾಯದಲ್ಲಿ, ಗೋರಿಂಗ್ ಹತ್ತಿರ, ನೀರಿನಲ್ಲಿ ಒಬ್ಬ ಹೆಂಗಸಿನ ಹೆಣ ತೇಲಿಬರುತ್ತದೆ. ಮೋಸಹೋಗಿ, ಮಗುವನ್ನು ಸಾಕಲಾಗದೆ ಸತ್ತವಳು. ತಮಾಷೆಯ ನಡುವೆ ಇದೇಕೆ ಎಂದು ಕೆಲವರು ಗೊಣಗುತ್ತಾರೆ. ನಾನು ಗೊಣಗುವುದಿಲ್ಲ, ರನ್ನಿಮೀಡ್ ದಾಟಿ, ಇದನ್ನು ದಾಟಬೇಡಿ. ಹೆಂಗಸರ ಬಗ್ಗೆ ಪುಸ್ತಕದ ಬೇರೆ ಕಡೆ ಇರುವ ಹಗುರ ಮಾತುಗಳಿಗಿಂತ ಈ ಎರಡು ಪುಟದ ಲೇಖಕ ದೊಡ್ಡವನು.

ಟ್ವೇನ್: ಗೈಡುಗಳ ಶತ್ರು

ಜೆರೋಮನಿಗಿಂತ ಇಪ್ಪತ್ತು ವರ್ಷ ಹಿಂದೆ ಬಂದ ಟ್ವೇನನ ಪುಸ್ತಕದಲ್ಲಿ ಪ್ರಯಾಣ ನಿಜವಾಗಿಯೂ ಪ್ರಯಾಣ. 1867ರ ಜೂನ್‌ನಲ್ಲಿ ನ್ಯೂಯಾರ್ಕಿನಿಂದ ‘ಕ್ವೇಕರ್ ಸಿಟಿ’ ಎಂಬ ಹಡಗು ಯುರೋಪ್ ಮತ್ತು ಪವಿತ್ರಭೂಮಿಯ ಕಡೆಗೆ ಹೊರಟಿತು. ತಲೆಗೆ 1,250 ಡಾಲರ್. ಟ್ವೇನನ ಖರ್ಚು ಕೊಟ್ಟದ್ದು ಸ್ಯಾನ್ ಫ್ರಾನ್ಸಿಸ್ಕೋದ ‘ಡೈಲಿ ಆಲ್ಟಾ ಕ್ಯಾಲಿಫೋರ್ನಿಯಾ’ ಪತ್ರಿಕೆ, ದಾರಿಯುದ್ದಕ್ಕೂ ಪತ್ರ ಬರೆದು ಕಳಿಸಬೇಕೆಂಬ ಕರಾರಿನ ಮೇಲೆ. ಆ ಪತ್ರಗಳೇ ತಿದ್ದಿ ಬೆಳೆಸಿ ಪುಸ್ತಕವಾದವು. ಅವನ ಜೀವಿತಕಾಲದಲ್ಲಿ ಅವನ ಪುಸ್ತಕಗಳಲ್ಲೆಲ್ಲ ಹೆಚ್ಚು ಮಾರಾಟವಾದದ್ದು ಇದೇ.

ಇಲ್ಲಿ ನಗುವ ಗುರಿ ಬೇರೆ. ಯುರೋಪಿನ ಕಲೆ, ಚರ್ಚು, ಸಮಾಧಿ ಕಂಡಲ್ಲೆಲ್ಲ ಬಾಯಿ ಬಿಟ್ಟು ಭಕ್ತಿಪರವಶರಾಗಬೇಕು ಎಂಬ ಒತ್ತಾಯದ ಮೇಲೆ ಟ್ವೇನನಿಗೆ ಸಿಟ್ಟು. ಎಲ್ಲ ಗೈಡುಗಳಿಗೂ ‘ಫರ್ಗುಸನ್’ ಎಂದು ಒಂದೇ ಹೆಸರಿಟ್ಟುಬಿಡುತ್ತಾನೆ. ಜಿನೋವಾದ ಗೈಡು ಕೊಲಂಬಸ್ಸನ ಕೈಬರಹ ತೋರಿಸಿ, ಇವರು ಮೂರ್ಛೆ ಹೋಗುತ್ತಾರೆಂದು ಕಾಯುತ್ತಾನೆ. ಇವರೋ, ಅಕ್ಷರ ಚೆನ್ನಾಗಿಲ್ಲ, ನಮ್ಮೂರಿನ ಹದಿನಾಲ್ಕು ವರ್ಷದ ಹುಡುಗರು ಇದಕ್ಕಿಂತ ಚೆನ್ನಾಗಿ ಬರೆಯುತ್ತಾರೆ ಎನ್ನುತ್ತಾರೆ. ವಿಗ್ರಹ ತೋರಿಸಿದರೆ, “ಇವರು ತೀರಿಕೊಂಡಿದ್ದಾರಾ?” ಎಂದು ಮುಗ್ಧವಾಗಿ ಕೇಳುತ್ತಾರೆ. ಮುಂದೆ ಈಜಿಪ್ಟಿನ ಮಮ್ಮಿಯ ಮುಂದೆಯೂ ಅದೇ ಪ್ರಶ್ನೆ. ಪ್ರವಾಸಿ ಸ್ಥಳದಲ್ಲಿ ಬಾಯಿಪಾಠ ಒಪ್ಪಿಸುವ ಗೈಡಿನ ಕೈಗೆ ಸಿಕ್ಕು ನರಳಿದವರಿಗೆ ಈ ಪುಟಗಳು ಸೇಡು ತೀರಿಸಿಕೊಂಡಷ್ಟು ಹಿತ. ಸಿರಿಯಾದಲ್ಲಿ ಸಿಕ್ಕ ಮುದಿ ಕುದುರೆಗೆ ‘ಬಾಲ್ಬೆಕ್’ ಎಂದು ಹೆಸರಿಡುತ್ತಾನೆ, ಅದೂ ಆ ಹೆಸರಿನ ಊರಿನ ಪಾಳುದೇಗುಲದಂತೆ ಭವ್ಯವಾದ ಅವಶೇಷವಾದ್ದರಿಂದ. ಗಲಿಲೀ ಸರೋವರದ ಪವಿತ್ರ ಜಲದಲ್ಲಿ ದೋಣಿ ಹತ್ತಲು ಜೀವಮಾನವಿಡೀ ಹಂಬಲಿಸಿದ ಭಕ್ತರು ಬಾಡಿಗೆಗೆ ಚೌಕಾಸಿ ಮಾಡುತ್ತಿರುವಷ್ಟರಲ್ಲಿ ದೋಣಿಯೇ ಹೊರಟುಹೋಗುತ್ತದೆ. ಇಡೀ ಪುಸ್ತಕದಲ್ಲಿ ನನಗೆ ಅತಿ ಇಷ್ಟವಾದ ಗಳಿಗೆ ಇದು.

ತೊಡಕು ಎರಡು. ಒಂದು, ಉದ್ದ, 61 ಅಧ್ಯಾಯ. ಪತ್ರಿಕೆಗೆ ಬರೆದದ್ದರ ಜಾಳುತನ ಅಲ್ಲಲ್ಲಿ ಎದ್ದು ಕಾಣುತ್ತದೆ. ಎರಡನೆಯದು ಇನ್ನೂ ದೊಡ್ಡದು: ತುರ್ಕರು, ಅರಬರು, ಬಡವರು ಎದುರಾದಾಗ ಅವನ ನಗು ಎಷ್ಟೋ ಸಲ ತುಚ್ಛೀಕಾರಕ್ಕೆ ಇಳಿಯುತ್ತದೆ. ತನ್ನ ಸಹಪ್ರಯಾಣಿಕರ ಢೋಂಗಿತನವನ್ನು ಅಷ್ಟು ಚುರುಕಾಗಿ ಹಿಡಿಯುವ ಕಣ್ಣು ಇಲ್ಲಿ ಮಬ್ಬಾಗುತ್ತದೆ. ಹಾಗಾಗಿ ಇದನ್ನು ಮೊದಲ ಪುಸ್ತಕವಾಗಿ ನಾನು ಕೊಡಲಾರೆ. ಇಟಲಿಯ ಅಧ್ಯಾಯಗಳನ್ನಷ್ಟೇ ಆರಿಸಿ ಓದಿ, ರುಚಿ ಹತ್ತಿದರೆ ಉಳಿದದ್ದು ಇದ್ದೇ ಇದೆ.

ಸ್ಟೀವನ್‌ಸನ್ ಮತ್ತು ಅವನ ಕತ್ತೆ

ಸಣ್ಣ ಪುಸ್ತಕ, ಸಣ್ಣ ಮಾತು ಸಾಕು. 1878ರ ಶರತ್ಕಾಲದಲ್ಲಿ ಸ್ಟೀವನ್‌ಸನ್ ದಕ್ಷಿಣ ಫ್ರಾನ್ಸಿನ ಸೆವೆನ್ಸ್ (Cévennes) ಎಂಬ ಬೆಟ್ಟಸಾಲಿನಲ್ಲಿ ಹನ್ನೆರಡು ದಿನ ನಡೆದ. ಹೊರೆ ಹೊರಲು 65 ಫ್ರಾಂಕು ಮತ್ತು ಒಂದು ಗ್ಲಾಸ್ ಬ್ರಾಂಡಿ ಕೊಟ್ಟು ಮೊಡೆಸ್ಟೀನ್ ಎಂಬ ಹೆಣ್ಣುಕತ್ತೆ ಕೊಂಡ. ಅದು ನಡೆಯುವ ವೇಗ ಅದರದೇ. ಮೊದಲ ಅಧ್ಯಾಯಗಳಲ್ಲಿ ಕತ್ತೆಯೆದುರು ಅವನ ಪಡಿಪಾಟಲು ತುಂಬ ನಗಿಸುತ್ತದೆ. ಹೊಡೆಯುವುದು ನಮಗೆ ಇರುಸುಮುರುಸು ಎನಿಸಿದರೆ, ಅವನಿಗೂ ಹಾಗೆಯೇ ಎನಿಸುತ್ತಿತ್ತು. ಆಮೇಲೆ ಪುಸ್ತಕ ಮೆಲ್ಲಗೆ ಬೇರೆ ದಾರಿ ಹಿಡಿದು ಬಯಲಲ್ಲಿ ಮಲಗಿದ ರಾತ್ರಿ, ಮಠದ ಮೌನ, ಆ ಬೆಟ್ಟಗಳಲ್ಲಿ ರಾಜನ ವಿರುದ್ಧ ದಂಗೆಯೆದ್ದ ಪ್ರಾಟೆಸ್ಟಂಟರ ಕಥೆ ಇತ್ತ ಹೊರಳುತ್ತದೆ. ಕೊನೆಯಲ್ಲಿ ಕತ್ತೆಯನ್ನು ಜೀನುಸಮೇತ 35 ಫ್ರಾಂಕಿಗೆ ಮಾರಿ, ಗಾಡಿ ಹತ್ತಿದ ಮೇಲೆ ಅಳುತ್ತಾನೆ. ನಗು ಸ್ವಲ್ಪ, ಗದ್ಯದ ಸೊಗಸು ಹೆಚ್ಚು ಬೇಕು ಎನ್ನುವವರಿಗೆ ಇದು.

ನ್ಯೂಬಿ: ನಾಲ್ಕು ದಿನದ ತರಬೇತಿ, ಹತ್ತೊಂಬತ್ತು ಸಾವಿರ ಅಡಿಯ ಬೆಟ್ಟ

ಸಾಹಸವೂ ಬೇಕು ನಗುವೂ ಬೇಕು ಎನ್ನುವವರು ಜೆರೋಮನನ್ನು ಪಕ್ಕಕ್ಕಿಟ್ಟು ನೇರ ಇಲ್ಲಿಗೆ ಬನ್ನಿ. ಎರಿಕ್ ನ್ಯೂಬಿ ಲಂಡನ್ನಿನಲ್ಲಿ ಹೆಂಗಸರ ಉಡುಪಿನ ವ್ಯಾಪಾರದಲ್ಲಿದ್ದವನು. 1956ರಲ್ಲಿ ಒಂದು ದಿನ ರಾಜತಾಂತ್ರಿಕ ಗೆಳೆಯ ಹ್ಯೂ ಕಾರ್ಲೆಸ್‌ಗೆ ತಂತಿ ಕಳಿಸಿದ: ಜೂನಿನಲ್ಲಿ ನೂರಿಸ್ತಾನಕ್ಕೆ ಬರಲಾದೀತೇ? ನೂರಿಸ್ತಾನ ಎಂದರೆ ಅಫ್ಘಾನಿಸ್ತಾನದ ಈಶಾನ್ಯ ಮೂಲೆ. ದಾರಿಯಲ್ಲಿ ಸುಮಾರು 19,880 ಅಡಿಯ ಮೀರ್ ಸಮೀರ್ ಶಿಖರವನ್ನೂ ಹತ್ತಿಬಿಡೋಣ ಎಂಬ ಉಪಯೋಜನೆ ಬೇರೆ. ಇಬ್ಬರಿಗೂ ಪರ್ವತಾರೋಹಣ ಗೊತ್ತಿಲ್ಲ. ವೇಲ್ಸ್‌ನಲ್ಲಿ ನಾಲ್ಕು ದಿನ ಕಲಿತರು. ಅಲ್ಲಿ ಇವರಿಗೆ ಬಂಡೆ ಹತ್ತಲು ಹೇಳಿಕೊಟ್ಟವರಲ್ಲಿ ತಂಗಿದ್ದ ಛತ್ರದಲ್ಲಿ ಊಟ ಬಡಿಸುತ್ತಿದ್ದ ಹುಡುಗಿಯರೂ ಇದ್ದರು. ಇನ್ನುಳಿದದ್ದನ್ನು ಹಿಮದ ಮೇಲೆ ನಿಂತು ಕಿರುಹೊತ್ತಗೆ ತೆರೆದು ಓದಿಕೊಂಡರು. ಶಿಖರ ಮುಟ್ಟಲು ಸುಮಾರು 700 ಅಡಿ ಇರುವಾಗ ವಾಪಸಾದರು.

ಜೆರೋಮನ ಹಾಗೆ ಇವನೂ ತನ್ನನ್ನೇ ಗೇಲಿ ಮಾಡಿಕೊಳ್ಳುತ್ತಾನೆ. ವ್ಯತ್ಯಾಸವೆಂದರೆ ಅಲ್ಲಿ ತಪ್ಪಿದರೆ ಬಟ್ಟೆ ಒದ್ದೆ, ಇಲ್ಲಿ ತಪ್ಪಿದರೆ ಪ್ರಾಣ. ನೂರಿಸ್ತಾನದವರ ಜೊತೆ ಮಾತಾಡಲು ಇವರ ಬಳಿ ಬ್ರಿಟಿಷ್ ಇಂಡಿಯಾದ ಸೇನಾಧಿಕಾರಿಯೊಬ್ಬ ಬರೆದ ಬಷ್ಗಲಿ ನುಡಿಯ ಪುಸ್ತಕವಿತ್ತು. ಪ್ರವಾಸಿಗೆ ಉಪಯೋಗಕ್ಕೆ ಬರಲೆಂದು ಅದರಲ್ಲಿ ಕೊಟ್ಟ ವಾಕ್ಯಗಳು: ಇವತ್ತು ಬೆಳಿಗ್ಗೆ ಹೊಲದಲ್ಲಿ ಹೆಣ ನೋಡಿದೆ, ನಿನಗೆ ಈ ಗಳಗಂಡ ಎಷ್ಟು ದಿನದಿಂದ ಇದೆ? ಆ ಪುಟಗಳನ್ನು ಬಸ್ಸಿನಲ್ಲಿ ಕೂತು ಓದಬೇಡಿ, ಅಕ್ಕಪಕ್ಕದವರು ತಿರುಗಿ ನೋಡುತ್ತಾರೆ. ಕೊನೆಯ ದೃಶ್ಯದಲ್ಲಿ ಇವರಿಗೆ ಎದುರಾಗುವವನು ಅರೇಬಿಯಾದ ಮರುಭೂಮಿ ದಾಟಿದ ನಿಜವಾದ ಸಾಹಸಿ ವಿಲ್ಫ್ರೆಡ್ ಥೆಸಿಗರ್. ಇವರು ಮಲಗಲು ಗಾಳಿಹಾಸಿಗೆ ಊದುವುದನ್ನು ನೋಡಿ ಅವನು ಆಡುವ ಒಂದು ಮಾತಿನೊಂದಿಗೆ ಪುಸ್ತಕ ಮುಗಿಯುತ್ತದೆ. ಆ ಮಾತನ್ನು ನಾನಿಲ್ಲಿ ಹೇಳಿ ಕೆಡಿಸುವುದಿಲ್ಲ.

ಇವರು ನಡೆದ ಪಂಜ್‌ಶೀರ್ ಕಣಿವೆ ಆಮೇಲೆ ಸೋವಿಯತ್ ಯುದ್ಧದ ಸುದ್ದಿಯಲ್ಲಿ ಜಗತ್ತಿಗೆಲ್ಲ ಪರಿಚಯವಾಯಿತು. ಮಲ್ಬೆರಿ ಮರ, ಹೊಳೆ, ಚಹಾ, ಕುದುರೆಯಾಳುಗಳ ಜಗಳ ಇವನ್ನೆಲ್ಲ ಇವತ್ತು ಓದುವಾಗ ನ್ಯೂಬಿ ಉದ್ದೇಶಿಸದಿದ್ದ ಒಂದು ಕಸಿವಿಸಿಯೂ ಜೊತೆಗೆ ಬರುತ್ತದೆ. ಟ್ವೇನನ ಹಾಗೆ ಸ್ಥಳೀಯರನ್ನು ಇವನು ಕೀಳಾಗಿ ಕಾಣುವುದಿಲ್ಲ. ಬೆಟ್ಟದಲ್ಲಿ ಅವರೇ ಬುದ್ಧಿವಂತರು, ತಾನೇ ಪೆದ್ದ ಎಂಬುದು ಅವನಿಗೆ ಚೆನ್ನಾಗಿ ಗೊತ್ತು. ಶುರುವಿನಲ್ಲಿ ಉಡುಪಿನಂಗಡಿಯ ಪರಿಭಾಷೆ, ನಡುವೆ ಪರ್ವತಾರೋಹಣದ ಪದಗಳು ಇರುವುದರಿಂದ ಇಂಗ್ಲಿಷ್ ಮಾತ್ರ ಜೆರೋಮನಷ್ಟು ಸಲೀಸಲ್ಲ.

ಹಾಗಾದರೆ ಯಾವುದು?

ಇಂಗ್ಲಿಷ್ ಹಾಸ್ಯವನ್ನು ಮೂಲದಲ್ಲೇ ಓದಿ ಅಭ್ಯಾಸವಿಲ್ಲದವರಿಗೆ, ಮನೆಯಲ್ಲಿ ಗಟ್ಟಿಯಾಗಿ ಓದಿ ಮಕ್ಕಳನ್ನು ನಗಿಸಬೇಕೆನ್ನುವವರಿಗೆ, ಗೆಳೆಯರ ಗುಂಪು ಕಟ್ಟಿಕೊಂಡು ಟ್ರಿಪ್ ಹೋಗಿ ಜಗಳವಾಡಿ ಬಂದವರಿಗೆ ಜೆರೋಮ್. ಕಥೆ ಮುಂದೆ ಸಾಗುತ್ತಲೇ ಇರಬೇಕು, ಹರಟೆ ಸಹಿಸಲಾರೆ ಎನ್ನುವವರಿಗೆ ನ್ಯೂಬಿ, ಅನುಮಾನವೇ ಬೇಡ. ಟ್ವೇನ್ ಮೂರನೆಯವನಾಗಿ ಬರಲಿ.

ಹೀಗೆ ಗುಂಪಿನಲ್ಲಿ ಹೊರಟವರ ತಮಾಷೆ ಕನ್ನಡದಲ್ಲೇ ಬೇಕಾದರೆ ಬಿ.ಜಿ.ಎಲ್. ಸ್ವಾಮಿಯವರ ‘ಹಸಿರು ಹೊನ್ನು’ ಇದೆ. ಸಸ್ಯಶಾಸ್ತ್ರದ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಮೇಷ್ಟ್ರು ಕಾಡುಮೇಡು ಅಲೆದ ಕಥೆ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಜೆರೋಮ್ ತುರುಕಲು ಹೋಗಿ ಸೋತ ಪಾಂಡಿತ್ಯವನ್ನು ಸ್ವಾಮಿಯವರು ನಗುವಿನೊಳಗೇ ಕರಗಿಸಿಬಿಟ್ಟಿದ್ದಾರೆ. ಆ ಒಂದು ವಿಷಯದಲ್ಲಿ ನಮ್ಮವರದೇ ಮೇಲುಗೈ. ಟ್ವೇನನ ಹಾಗೆ ಪರದೇಶ ನೋಡಿ ಬೆರಗಾಗುವ ಬಗೆ ಬೇಕು, ಆದರೆ ಅವನ ಒರಟುತನ ಬೇಡ ಎನ್ನುವವರು ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ‘ಅಮೆರಿಕದಲ್ಲಿ ಗೊರೂರು’ ಹಿಡಿಯಬಹುದು.

ಇನ್ನು ಜೆರೋಮನನ್ನೇ ಆರಿಸಿಕೊಂಡರೆ ಯಾವ ಪ್ರತಿ? ಅವನು ತೀರಿಕೊಂಡದ್ದು 1927ರಲ್ಲಿ, ಹಕ್ಕುಸ್ವಾಮ್ಯ ಎಂದೋ ಮುಗಿದಿದೆ. ಗುಟೆನ್‌ಬರ್ಗ್ ತಾಣದಲ್ಲಿ ಪುಸ್ತಕ, ಲಿಬ್ರಿವಾಕ್ಸ್‌ನಲ್ಲಿ ಧ್ವನಿ ಎರಡೂ ಪುಕ್ಕಟೆ. ಕೈಯಲ್ಲಿ ಹಿಡಿದು ಓದುವವರು ಪೆಂಗ್ವಿನ್ ಕ್ಲಾಸಿಕ್ಸ್ ಅಥವಾ ಆಕ್ಸ್‌ಫರ್ಡ್ ವರ್ಲ್ಡ್ಸ್ ಕ್ಲಾಸಿಕ್ಸ್ ಪ್ರತಿ ಕೊಳ್ಳಿ. ಟಿಪ್ಪಣಿಗಳಿವೆ, ‘ಬಮ್ಮೆಲ್’ ಕೂಡ ಅದೇ ಸಂಪುಟದಲ್ಲಿ ಬರುತ್ತದೆ. ಮಕ್ಕಳಿಗೆಂದು ಸಂಕ್ಷೇಪಿಸಿದ ಪ್ರತಿಗಳಿಂದ ದೂರವಿರಿ. ಅವು ಕತ್ತರಿಸುವುದು ಹರಟೆಯನ್ನೇ, ಹರಟೆ ಹೋದರೆ ಇದರಲ್ಲಿ ಉಳಿಯುವುದು ನೀರು ಮಾತ್ರ. ಚಿತ್ರರೂಪಗಳಲ್ಲಿ ಟಾಮ್ ಸ್ಟಾಪರ್ಡ್ ಬರೆದು 1975ರಲ್ಲಿ ಬಿಬಿಸಿಯಲ್ಲಿ ಬಂದದ್ದು ಮೂಲಕ್ಕೆ ಹತ್ತಿರವಾದದ್ದು, ಆದರೆ ಅದನ್ನು ಓದಿದ ಮೇಲೆ ನೋಡಿ. ಮಾಂಟ್‌ಮೊರೆನ್ಸಿಯ ಮುಖ ಹೇಗಿತ್ತೆಂದು ಮೊದಲು ನೀವೇ ಊಹಿಸಿಕೊಳ್ಳಬೇಕು.

‘ಬಮ್ಮೆಲ್’ ಬಗ್ಗೆ ಒಂದು ಎಚ್ಚರಿಕೆ. ಅದೇ ಮೂವರು ಹತ್ತು ವರ್ಷದ ನಂತರ ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್‌ನಲ್ಲಿ ಸೈಕಲ್ ಹೊಡೆಯುತ್ತಾರೆ. ನಾಯಿ ಇಲ್ಲ, ನದಿಯೂ ಇಲ್ಲ. ಹರಟೆಯನ್ನು ಒಂದು ದಡದಿಂದ ಇನ್ನೊಂದಕ್ಕೆ ಹೊತ್ತೊಯ್ಯಲು ಏನೂ ಇಲ್ಲದೆ ಪ್ರಸಂಗಗಳು ಚೆಲ್ಲಾಪಿಲ್ಲಿಯಾಗಿವೆ, ಜರ್ಮನರು ಹೀಗೆ ಜರ್ಮನರು ಹಾಗೆ ಎಂಬ ಭಾಷಣ ಜಾಸ್ತಿಯಾಗಿದೆ. ಮೊದಲಿನಿಂದ ಕೊನೆಯವರೆಗೆ ಓದುವ ಹಟ ಬೇಡ. ನೇರವಾಗಿ ಮೂರನೇ ಅಧ್ಯಾಯ ತೆರೆಯಿರಿ: ಜೋಡಿ ಸೈಕಲಿನ ಹಿಂದಿನ ಸೀಟಿನಿಂದ ಹೆಂಡತಿ ಇಳಿದುಹೋದದ್ದು ತಿಳಿಯದೆ ಹ್ಯಾರಿಸ್ ಹಾಲೆಂಡಿನ ರಸ್ತೆಯಲ್ಲಿ ಮೈಲಿಗಟ್ಟಲೆ ಪೆಡಲು ತುಳಿದದ್ದು ಅಲ್ಲಿದೆ, ಸೈಕಲ್ ರಿಪೇರಿ ಮಾಡುತ್ತೇನೆಂದು ಬಂದ ಗೆಳೆಯ ಅದನ್ನು ಬಿಚ್ಚಿ ಹರಡಿ ಗುಂಡುಗಳನ್ನು ಹುಲ್ಲಿನಲ್ಲಿ ಹುಡುಕಿಸಿದ್ದೂ ಅಲ್ಲಿಯೇ ಇದೆ.